ಆಮೆಮರಿಯ ಪಾಲಿನ ಬಿಸಿಲು

ಹಾಸನದಲ್ಲಿ ಮಾಗಿಯ ಚಳಿ ಶುರುವಾಯಿತೆಂದರೆ ಬೆಳಗಿನ ಎಂಟು ಗಂಟೆಯಾದರೂ ಮಂಜು ಪೂರ್ತಿ ಕರಗಿರುವುದಿಲ್ಲ. ಕರಗಿದ ಮೇಲೆ ಮನೆಮನೆಯವರೂ ಬಿಸಿಲು ಬಿದ್ದ ಕಡೆಗೆ ಹೋಗಿ ನಿಲ್ಲುತ್ತಾರೆ. ವಯಸ್ಸಾದವರು ಜಗಲಿಯಲ್ಲಿ, ಮಕ್ಕಳು ಕಾಂಪೌಂಡ್ ಗೋಡೆಯ ಮೇಲೆ, ನಾಯಿ ರಸ್ತೆಯ ನಟ್ಟನಡುವೆ. ಮೈ ಚುರುಗುಟ್ಟಲು ತೊಡಗಿದರೆ ಎದ್ದು ಒಳಗೆ ಬರುತ್ತಾರೆ. ನಮಗೆ ಇದು ಸುಖದ ಮಾತು, ಅಷ್ಟೆ. ಬಿಸಿಲಿಗೆ ಹೋಗದಿದ್ದರೂ ತಿಂದ ರೊಟ್ಟಿ ಅರಗುತ್ತದೆ, ಏಕೆಂದರೆ ನಮ್ಮ ಮೈ ತನಗೆ ಬೇಕಾದ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಆಮೆಗೆ ಆ ಅನುಕೂಲವಿಲ್ಲ. ಅದು ತಿಂದದ್ದು ಅರಗಬೇಕಾದರೆ, ಚಿಪ್ಪು ಗಟ್ಟಿಯಾಗಬೇಕಾದರೆ, ಕಾಯಿಲೆಯನ್ನು ತಡೆದುಕೊಳ್ಳಬೇಕಾದರೆ ಹೊರಗಿನಿಂದ ಕಾವು ಬರಬೇಕು. ಸಾಲದಾದಾಗ ಬಿಸಿಲಿಗೆ ಹೋಗಬೇಕು, ಹೆಚ್ಚಾದಾಗ ನೆರಳಿಗೋ ನೀರಿಗೋ ಸರಿಯಬೇಕು. ದಿನವಿಡೀ ಅದರ ಕೆಲಸವೇ ಇದು. ಹೀಗೆ ಹೋಗಿ ಬರಲು ಜಾಗವಿದ್ದರೆ ಮಾತ್ರ ಅದನ್ನು ಆಮೆಯ ಮನೆ ಎನ್ನಬಹುದು.

ಇದನ್ನು ನಾನು ಹತ್ತಿರದಿಂದ ಕಂಡದ್ದು ತಮ್ಮನ ಮನೆಯಲ್ಲಿ. ಗೃಹಪ್ರವೇಶಕ್ಕೆ ಬಂದವರು ಯಾರೋ ಒಂದು ಗಾಜಿನ ಬೋಗುಣಿಯನ್ನು ಉಡುಗೊರೆ ಕೊಟ್ಟು ಹೋಗಿದ್ದರು. ಅದರಲ್ಲಿ ಬಣ್ಣಬಣ್ಣದ ಸಣ್ಣ ಕಲ್ಲು, ಒಂದು ಪ್ಲಾಸ್ಟಿಕ್ ತೆಂಗಿನ ಮರ, ಮೂರು ಬೆರಳು ನೀರು, ಆ ನೀರಿನಲ್ಲಿ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಹಸಿರು ಆಮೆಮರಿ. ಉತ್ತರ ದಿಕ್ಕಿನಲ್ಲಿಟ್ಟರೆ ಮನೆಗೆ ಒಳ್ಳೆಯದಾಗುತ್ತದೆ ಎಂದು ಹೇಳಿದ್ದರಂತೆ. ಹಾಗಾಗಿ ಬೋಗುಣಿ ಹಾಲಿನ ಉತ್ತರದ ಗೋಡೆಗೆ ಒತ್ತಿ ಕುಳಿತಿತ್ತು. ಆ ಮೂಲೆಗೆ ವರ್ಷದಲ್ಲಿ ಒಂದು ದಿನವೂ ಬಿಸಿಲು ಬೀಳುವುದಿಲ್ಲ. "ನೋಡತ್ತೆ, ಇದು ಕಣ್ಣೇ ಬಿಡ್ತಾ ಇಲ್ಲ" ಎಂದು ತಮ್ಮನ ಮಗಳು ಕೈ ಹಿಡಿದು ಎಳೆದುಕೊಂಡು ಹೋದಳು.

ಬಗ್ಗಿ ನೋಡಿದೆ. ಮರಿ ನೀರಿನಲ್ಲಿ ಗಾಜಿಗೆ ಎದುರಾಗಿ ನಿಂತು ಹಿಂಗಾಲಿನಲ್ಲಿ ಒದೆಯುತ್ತಿತ್ತು. ಉಗುರು ಗಾಜಿಗೆ ತಗಲಿ ಟಿಕ್ ಟಿಕ್ ಎನ್ನುತ್ತಿತ್ತು. ಹತ್ತಿ ಕೂರಲು ಒಳಗೆ ಒಂದು ಕಲ್ಲೂ ಇರಲಿಲ್ಲ, ಆ ಮರದ ಬುಡ ಬಿಟ್ಟರೆ, ಅದೋ ಜಾರುತ್ತಿತ್ತು. ಎರಡೂ ಕಣ್ಣಿನ ರೆಪ್ಪೆ ಊದಿಕೊಂಡು ಮುಚ್ಚಿಹೋಗಿದ್ದವು. ಕೈಗೆತ್ತಿಕೊಂಡು ಚಿಪ್ಪಿನ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದರೆ ಹಸಿ ಅಡಿಕೆಯ ಸಿಪ್ಪೆಯ ಹಾಗೆ ಬಗ್ಗುತ್ತಿತ್ತು. ಮರಿಯ ಚಿಪ್ಪು ಸ್ವಲ್ಪ ಮೆತ್ತಗಿರುವುದು ಸಹಜವೇ. ಇದು ಅದಕ್ಕಿಂತ ಹೆಚ್ಚಿತ್ತು. ಪಕ್ಕದಲ್ಲಿದ್ದ ಡಬ್ಬದಲ್ಲಿ ಒಣ ಸಿಗಡಿ. ಅಂಗಡಿಯವರು ದಿನಕ್ಕೆ ನಾಲ್ಕು ಕಾಳು ಹಾಕಿ ಸಾಕು ಎಂದಿದ್ದರು. ಬೇರೇನನ್ನೂ ಅದು ಬಾಯಿಗೆ ಕಂಡಿರಲಿಲ್ಲ.

ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಈ ಮರಿಯನ್ನು ಅಕ್ವೇರಿಯಂ ಅಂಗಡಿಗಳಲ್ಲಿ ಎಲ್ಲರೂ ನೋಡಿರುತ್ತಾರೆ. ಇದು ನಮ್ಮ ನಾಡಿನದಲ್ಲ. ರೆಡ್ ಇಯರ್ಡ್ ಸ್ಲೈಡರ್ ಎಂಬ ಈ ನೀರಾಮೆಯ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ಚೆನ್ನಾಗಿ ನೋಡಿಕೊಂಡರೆ 20-30 ವರ್ಷ ಬದುಕುತ್ತದೆ, ಹೆಣ್ಣಾದರೆ ಚಿಪ್ಪು 25 ಸೆಂಟಿಮೀಟರ್ ದಾಟುತ್ತದೆ. ಕೊಡುವಾಗ ಈ ಮಾತನ್ನು ಯಾರೂ ಹೇಳುವುದಿಲ್ಲ. ಉಡುಗೊರೆ ಪಡೆದವರ ಮಗಳು ಓದು ಮುಗಿಸಿ, ಮದುವೆಯಾಗಿ, ತಾಯಿಯಾಗುವ ತನಕ ಜೊತೆಗಿರಬಹುದಾದ ಜೀವವನ್ನು ಹೂದಾನಿಯ ಹಾಗೆ ಕೈಗಿಟ್ಟು ಹೋಗುತ್ತಾರೆ. ಜೀವವಿರುವುದನ್ನು ಕೇಳದೆ ಉಡುಗೊರೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮದು ಪಶುವೈದ್ಯಕೀಯ ಕಾಲೇಜು ಇರುವ ಊರು. ವೈದ್ಯರು ಸಿಗುವುದು ಕಷ್ಟವಾಗಲಿಲ್ಲ. ಕಣ್ಣಿನ ಊತ 'ಎ' ವಿಟಮಿನ್ನಿನ ಕೊರತೆಯಿಂದ, ಚಿಪ್ಪು ಮೆತ್ತಗಾದದ್ದು ಸುಣ್ಣದಂಶ ಮತ್ತು 'ಡಿ' ವಿಟಮಿನ್ ಸಾಲದೆ ಎಂದು ವೈದ್ಯರು ಹೇಳಿದರು. ಔಷಧವನ್ನು ತಾವೇ ಅಳೆದು ಕೊಟ್ಟರು. ಅಂಗಡಿಯಿಂದ ವಿಟಮಿನ್ ಹನಿ ತಂದು ಮನಸ್ಸಿಗೆ ಬಂದಷ್ಟು ಹಾಕುವುದು ಬೇಡ, 'ಎ' ವಿಟಮಿನ್ ಹೆಚ್ಚಾದರೆ ಚರ್ಮವೇ ಸುಲಿದು ಹೋಗುತ್ತದೆ ಎಂದೂ ಎಚ್ಚರಿಸಿದರು. ಉಳಿದದ್ದೆಲ್ಲ ಮನೆಯಲ್ಲಿ ಆಗಬೇಕಾದ ಕೆಲಸ.

ಮೊದಲು ಬೋಗುಣಿ ಹೋಯಿತು. ಅದರ ಜಾಗಕ್ಕೆ ಮೂರಡಿ ಉದ್ದದ ಗಾಜಿನ ತೊಟ್ಟಿ ಬಂತು. ಆಮೆ ಸಾಕಿ ಬಲ್ಲವರ ಲೆಕ್ಕದಲ್ಲಿ ಚಿಪ್ಪಿನ ಒಂದೊಂದು ಅಂಗುಲಕ್ಕೂ ಸುಮಾರು 40 ಲೀಟರ್ ನೀರು ಬೇಕು. ಅಷ್ಟು ಚಿಕ್ಕ ಮರಿಗೆ ಇಷ್ಟು ದೊಡ್ಡ ತೊಟ್ಟಿಯೇ ಎಂದು ತಮ್ಮ ಕೇಳಿದ. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರಬೇಕಾದರೆ ನಡುವೆ ಅಂತರ ಬೇಕಲ್ಲ. ಒಂದಡಿಯ ಬೋಗುಣಿಯಲ್ಲಿ ದೀಪ ಹಚ್ಚಿದರೆ ಇಡೀ ಬೋಗುಣಿಯೇ ಕಾಯುತ್ತದೆ, ಮರಿಗೆ ಓಡಿಹೋಗಲು ದಿಕ್ಕಿರುವುದಿಲ್ಲ.

ಬಣ್ಣದ ಕಲ್ಲುಗಳನ್ನು ಹುಡುಗಿ ಒಂದೊಂದಾಗಿ ಆರಿಸಿ ಡಬ್ಬಕ್ಕೆ ತುಂಬಿದಳು. ಆ ಗಾತ್ರದ ಕಲ್ಲನ್ನು ಆಮೆ ನುಂಗುತ್ತದೆ, ನುಂಗಿದರೆ ಕರುಳಿಗೆ ಅಡ್ಡ ಕೂರುತ್ತದೆ. ಹೊಳೆನರಸೀಪುರದಲ್ಲಿರುವ ನನ್ನ ಅತ್ತೆಯ ಮನೆಯ ಹಿತ್ತಿಲಲ್ಲಿ ಯಾವ ಕಾಲದಿಂದಲೋ ಬಿದ್ದಿದ್ದ ಗುಂಡುಕಲ್ಲುಗಳನ್ನು ತಂದು, ತೊಳೆದು, ಕುದಿಸಿ ತಳಕ್ಕೆ ಹಾಕಿದೆವು. ಮರಿಯ ತಲೆಗಿಂತ ದೊಡ್ಡ ಕಲ್ಲಾದರೆ ಭಯವಿಲ್ಲ. ಒಂದು ತುದಿಯಲ್ಲಿ ಚಪ್ಪಟೆ ಕಲ್ಲನ್ನು ಇಳಿಜಾರಾಗಿ ನಿಲ್ಲಿಸಿದೆವು. ಅದರ ಒಂದು ಅಂಚು ನೀರಿನೊಳಗೆ, ಇನ್ನೊಂದು ಅಂಚು ನೀರಿನಿಂದ ನಾಲ್ಕು ಬೆರಳು ಮೇಲೆ. ಇದು ಪೂರ್ತಿ ಒಣಗಿರಬೇಕು. ನೀರಾಮೆಯಾದರೂ ದಿನಕ್ಕೊಮ್ಮೆ ಚಿಪ್ಪು ಒಣಗಲೇಬೇಕು. ಇಲ್ಲವಾದರೆ ಬೂಷ್ಟು ಹಿಡಿದು ಚಿಪ್ಪು ಕೊಳೆಯುತ್ತದೆ.

ನೀರಿನ ಆಳ ಎಷ್ಟಿರಬೇಕು ಎಂಬುದು ಎಲ್ಲರನ್ನೂ ಕಾಡುವ ಪ್ರಶ್ನೆ. ಮುಳುಗಿಬಿಟ್ಟರೆ ಎಂದು ಹೆದರಿ ತೀರ ಕಡಿಮೆ ನೀರು ಹಾಕುತ್ತಾರೆ. ಅಂಗಾತ ಬಿದ್ದ ಮರಿ ತಾನಾಗಿ ಮಗುಚಿಕೊಳ್ಳಬೇಕಾದರೆ ಚಿಪ್ಪಿನ ಅಗಲಕ್ಕಿಂತ ನೀರು ಆಳವಾಗಿರಬೇಕು. ಚಿಪ್ಪಿನುದ್ದದ ಒಂದೂವರೆಯಿಂದ ಎರಡು ಪಟ್ಟು ಆಳದಲ್ಲಿ ಶುರುಮಾಡಿ, ಈಜು ಬಲಿತಂತೆ ಏರಿಸುವುದು ಸರಿಯಾದ ಕ್ರಮ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಒಂದು ದಿನ ಬಕೆಟ್ಟಿನಲ್ಲಿಟ್ಟು ಆಮೇಲೆ ಸುರಿಯುತ್ತೇವೆ. ಮರಿಗೆ ನೀರು 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಾಸನದ ಚಳಿಗಾಲದ ರಾತ್ರಿ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಆದ್ದರಿಂದ ತಾನೇ ಹತ್ತಿ ತಾನೇ ಆರುವ ಹೀಟರ್ ಬಂತು, ನೀರಿಗೊಂದು ಥರ್ಮಾಮೀಟರ್ ಬಂತು. ಕೈ ಅದ್ದಿ ನೋಡಿ ಹೇಳುವ ಲೆಕ್ಕ ಆಮೆಗೆ ಆಗಿಬರುವುದಿಲ್ಲ. ನಮ್ಮ ಕೈಗೆ ಹಿತವಾದ ತಂಪಿನಲ್ಲಿ ಅದಕ್ಕೆ ಶ್ವಾಸಕೋಶದ ಸೋಂಕು ಹಿಡಿಯುತ್ತದೆ.

ಇನ್ನು ಬೆಳಕು. ಆರೋಗ್ಯದ ಮುಕ್ಕಾಲು ಪಾಲು ಇಲ್ಲೇ ಇದೆ, ಜನ ಹೆಚ್ಚು ತಪ್ಪುವುದೂ ಇಲ್ಲೇ. ಚಪ್ಪಟೆ ಕಲ್ಲಿನ ಮೇಲೆ ಎರಡು ಬಗೆಯ ಬೆಳಕು ಬೀಳಬೇಕು. ಒಂದು, ಕಲ್ಲನ್ನು 32ರಿಂದ 35 ಡಿಗ್ರಿಯವರೆಗೆ ಕಾಯಿಸುವ ಸಾಧಾರಣ ಬಲ್ಬು. ಇನ್ನೊಂದು, ಅತಿನೇರಳೆ ಕಿರಣಗಳಲ್ಲಿ 'ಬಿ' ಎಂಬ ಪಟ್ಟಿಯನ್ನು ಸೂಸುವ ಯುವಿಬಿ ದೀಪ. ಆ ಕಿರಣ ಚರ್ಮಕ್ಕೆ ತಾಕಿದರೆ ಮೈಯಲ್ಲಿ 'ಡಿ3' ವಿಟಮಿನ್ ಹುಟ್ಟುತ್ತದೆ, ಅದಿದ್ದರೆ ಮಾತ್ರ ತಿಂದ ಸುಣ್ಣ ಮೂಳೆಗೂ ಚಿಪ್ಪಿಗೂ ಸೇರುತ್ತದೆ. ಕಿಟಕಿಯ ಹತ್ತಿರ ಇಟ್ಟರೆ ಸಾಲದೆ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ಗಾಜು ಕಾವನ್ನು ಒಳಗೆ ಬಿಡುತ್ತದೆ, ಈ ಕಿರಣವನ್ನು ತಡೆದುಬಿಡುತ್ತದೆ. ಬೇಸಿಗೆಯಲ್ಲಂತೂ ಕಿಟಕಿಯ ಬಿಸಿಲಿಗಿಟ್ಟ ಗಾಜಿನ ತೊಟ್ಟಿಯೊಳಗೆ ಮರಿ ಬೆಂದೇ ಹೋಗಬಹುದು. ಯುವಿಬಿ ದೀಪಕ್ಕೆ ಇನ್ನೂ ಒಂದು ಗುಣವಿದೆ: ಕಣ್ಣಿಗೆ ಬೆಳಗುತ್ತಿರುವಂತೆ ಕಂಡರೂ ಆರು ತಿಂಗಳು, ವರ್ಷದಲ್ಲಿ ಆ ಕಿರಣ ಬತ್ತಿಹೋಗಿರುತ್ತದೆ. ಹಾಕಿದ ತಾರೀಕನ್ನು ಹುಡುಗಿ ತೊಟ್ಟಿಯ ಬದಿಗೆ ಚೀಟಿ ಬರೆದು ಅಂಟಿಸಿದ್ದಾಳೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಬೆಳಕು, ರಾತ್ರಿ ಪೂರ್ತಿ ಕತ್ತಲೆ.

ಆದರೂ ದೀಪ ದೀಪವೇ. ಕರೆಂಟಿನ ಮರ್ಜಿ ಬೇರೆ. ದೇವರು ಕೊಟ್ಟ ಬಿಸಿಲು ಅಂಗಳದಲ್ಲಿ ಬಿದ್ದಿರುವಾಗ ಅದನ್ನು ಬಿಡುವುದೇಕೆ? ಮಂಜು ಕರಗಿದ ಮೇಲೆ ಮರಿಯನ್ನು ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಟ್ಟು ಅರ್ಧ ಗಂಟೆ ಹೊರಗಿಡುತ್ತೇವೆ. ಟಬ್ಬಿನ ಅರ್ಧಕ್ಕೆ ಹಲಗೆ ಮುಚ್ಚಿ ನೆರಳು, ಮೇಲೆ ಜಾಲರಿ. ಜಾಲರಿ ಇಲ್ಲದಿದ್ದರೆ ಕಾಗೆ ಒಂದೇ ಸಲಕ್ಕೆ ಎತ್ತಿಕೊಂಡು ಹೋಗುತ್ತದೆ. ಮರಿ ಮೊದಲು ಬಿಸಿಲಿನಲ್ಲಿ ಕೊರಳು ನೀಡಿ, ನಾಲ್ಕೂ ಕಾಲು ಚಾಚಿ, ಬೆರಳ ನಡುವಿನ ಪೊರೆಯನ್ನೂ ಬಿಡಿಸಿಕೊಂಡು ಮಲಗುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಹಲಗೆಯಡಿಗೆ ಸರಿಯುತ್ತದೆ, ಮತ್ತೆ ಬರುತ್ತದೆ. ಯಾರೂ ಕಲಿಸಿದ್ದಲ್ಲ. ಜಾಗ ಕೊಟ್ಟರೆ ಸಾಕು, ತನಗೆ ಎಷ್ಟು ಬೇಕೆಂಬುದು ಅದಕ್ಕೇ ಗೊತ್ತು.

ಊಟದ ವಿಷಯದಲ್ಲಿ ನಮ್ಮ ಸೀಮೆ ಶ್ರೀಮಂತವಾಗಿದೆ. ಮರಿಗೆ ದಿನವೂ ತಿನ್ನಿಸಬೇಕು, ಬೆಳೆದ ಮೇಲೆ ದಿನ ಬಿಟ್ಟು ದಿನ. ಆಮೆಗೆಂದೇ ಮಾಡಿದ ಗುಳಿಗೆಯನ್ನು ಅದರ ತಲೆಯಷ್ಟು ಗಾತ್ರ ಆಗುವಷ್ಟು ಹಾಕಿದರೆ ಸಾಕು. ವಾರಕ್ಕೊಮ್ಮೆ ಗೊಬ್ಬರದ ಗುಂಡಿಯ ಎರೆಹುಳು. ಸೊಪ್ಪನ್ನು ಈಗಿನಿಂದಲೇ ರೂಢಿಸಬೇಕು, ಏಕೆಂದರೆ ಬಲಿತ ಮೇಲೆ ಇದು ಹೆಚ್ಚಾಗಿ ಸೊಪ್ಪು ತಿನ್ನುವ ಪ್ರಾಣಿ. ನಮ್ಮ ಕಡೆ ಹಸು ಕಟ್ಟಿದವರು ಎಷ್ಟೋ ಮಂದಿ ಟಾರ್ಪಾಲಿನ ತೊಟ್ಟಿಯಲ್ಲಿ ಅಜೋಲ್ಲಾ ಬೆಳೆಯುತ್ತಾರೆ. ಒಂದು ಹಿಡಿ ಕೇಳಿ ತಂದು ತೊಳೆದು ನೀರಿನ ಮೇಲೆ ಹರಡಿದರೆ ಮರಿ ಈಜಾಡುತ್ತಲೇ ಮೇಯುತ್ತದೆ. ಎಳೆಯ ನುಗ್ಗೆಸೊಪ್ಪು, ದಾಸವಾಳದ ಚಿಗುರು ಕೊಡಬಹುದು. ಪಾಲಕ್ ದಿನವೂ ಬೇಡ, ಅದರಲ್ಲಿರುವ ಆಕ್ಸಲೇಟು ಸುಣ್ಣವನ್ನು ಕಟ್ಟಿಹಾಕುತ್ತದೆ. ಅನ್ನ, ಬ್ರೆಡ್ಡು, ಬಿಸ್ಕತ್ತು ಯಾವತ್ತೂ ಬೇಡ. ಸುಣ್ಣದಂಶಕ್ಕೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಮುದ್ರನೊರೆಯ ತುಂಡನ್ನು ನೀರಿನಲ್ಲಿ ತೇಲಿಬಿಟ್ಟೆವು. ಅದು ಕಡಲ ಜೀವಿಯೊಂದರ ಒಳಗಿನ ಚಿಪ್ಪು, ಬಹುಪಾಲು ಸುಣ್ಣವೇ. ಅಜ್ಜಿಯಂದಿರು ಕಿವಿ ಸೋರಿದರೆ ಮದ್ದಿಗೆ ತರಿಸುತ್ತಿದ್ದ ಅದೇ ಬಿಳಿ ಹಗುರ ತುಂಡನ್ನು ಮರಿ ತನಗೆ ಬೇಕಾದಾಗ ಬಂದು ಕೆರೆದು ತಿನ್ನುತ್ತದೆ. ಊದಿದ್ದ ಕಣ್ಣು ಇಳಿದು, ಮರಿ ಒಂದು ಬೆಳಿಗ್ಗೆ ತಲೆಯೆತ್ತಿ ನೋಡಿದಾಗ ಮನೆಮಂದಿಗೆಲ್ಲ ಹಬ್ಬ.

ಒಂದು ಮಾತು ಎಲ್ಲಕ್ಕಿಂತ ಮುಖ್ಯ. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಪುಟ್ಟ ಮಕ್ಕಳು ಆಮೆಮರಿಯನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರೆಂದು ಅಮೆರಿಕದಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು 1975ರಲ್ಲೇ ನಿಲ್ಲಿಸಿದರು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ತೊಟ್ಟಿಯ ಸಾಮಾನನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಕೂಡದು. ಐದು ವರ್ಷದೊಳಗಿನ ಮಗುವಿರುವ ಮನೆಗೆ ಆಮೆ ಬೇಡವೇ ಬೇಡ.

ಅರಕಲಗೂಡಿನ ನನ್ನ ಅಜ್ಜಿಯ ಮನೆಯ ಬಾವಿಯಲ್ಲಿ ಒಂದು ಆಮೆ ಇತ್ತು. ಬಾವಿಯ ಹುಳುಹುಪ್ಪಟೆ ತಿಂದು ನೀರನ್ನು ಚೊಕ್ಕವಾಗಿಡುತ್ತದೆ ಎಂದು ಹಳಬರು ಬಿಟ್ಟದ್ದು. ರಾಟೆಯ ಸದ್ದಿಗೆ ಅದು ಮೇಲೆ ಬರುತ್ತಿತ್ತು. ನಡುಹಗಲು ಬಿಸಿಲು ಬಾವಿಯ ತಳ ಮುಟ್ಟುವ ಹೊತ್ತಿಗೆ ಕಲ್ಲಿನ ಮೆಟ್ಟಿಲೊಂದನ್ನು ಹತ್ತಿ ಕೂರುತ್ತಿತ್ತು, ಬಿಸಿಲು ಗೋಡೆ ಹತ್ತಿದೊಡನೆ ಇಳಿದುಬಿಡುತ್ತಿತ್ತು. "ಈಗ ಬಿಂದಿಗೆ ಬಿಡಬೇಡ ಕಣೇ, ಅದು ಬಿಸಿಲು ಕಾಯ್ತಾ ಐತೆ" ಎಂದು ಅಜ್ಜಿ ಹೇಳುತ್ತಿದ್ದಳು. ಓದು ಬಾರದ ಅಜ್ಜಿಗೆ ಯುವಿಬಿ ಗೊತ್ತಿರಲಿಲ್ಲ. ಆ ಹೊತ್ತು ಆಮೆಯದು ಎಂಬುದು ಗೊತ್ತಿತ್ತು. ಹಾಗೆಂದು ಆ ಪದ್ಧತಿಯನ್ನು ನಾನು ಮೆಚ್ಚಲಾರೆ. ಜೊತೆಯಿಲ್ಲದೆ, ದಿನಕ್ಕೆ ಅರೆಗಳಿಗೆಯ ಬಿಸಿಲಿನಲ್ಲಿ ಅದರ ಜೀವಮಾನ ಕಳೆಯಿತು. ಅದೇ ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದೇವರ ಮೀನಿಗೆ ಜನ ಪುರಿ ಎರಚಿ ಕೈಮುಗಿದು ಬರುತ್ತಾರೆ, ಒಂದನ್ನೂ ಹಿಡಿದು ಮನೆಗೆ ತರುವುದಿಲ್ಲ. ಪ್ರೀತಿ ತೋರಿಸುವುದಕ್ಕೆ ಅದು ಮೇಲಾದ ದಾರಿ ಎಂದು ನನಗೆ ತೋರುತ್ತದೆ.

ನಮ್ಮ ನೆಲದ ಆಮೆಗಳ ವಿಷಯದಲ್ಲಂತೂ ಅದೊಂದೇ ದಾರಿ. ಬಯಲುಸೀಮೆಯ ಕಡೆ ಕೆಲಸದಲ್ಲಿರುವ ನಂಟರೊಬ್ಬರು ಫೋನ್ ಮಾಡಿ, ಹೊಲದ ಬದುವಿನಲ್ಲಿ ನಕ್ಷತ್ರ ಆಮೆಯ ಮರಿ ಸಿಕ್ಕಿದೆ, ಎಂಥ ಪೆಟ್ಟಿಗೆ ಮಾಡಿಸಲಿ, ಯಾವ ದೀಪ ಹಾಕಲಿ ಎಂದು ಕೇಳಿದರು. ಪೆಟ್ಟಿಗೆಯೂ ಬೇಡ, ದೀಪವೂ ಬೇಡ ಎಂದೆ. 2022ರ ತಿದ್ದುಪಡಿಯಿಂದ ನಕ್ಷತ್ರ ಆಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ ಬಂದಿದೆ. ಇಟ್ಟುಕೊಂಡರೆ ಮೂರರಿಂದ ಏಳು ವರ್ಷ ಸೆರೆವಾಸ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕಾಯ್ದೆಗಿಂತ ದೊಡ್ಡ ಕಾರಣ ಮರಿಯದೇ. ಮಳೆ, ಹುಲ್ಲು, ಒದ್ದೆ ಮಣ್ಣಿನ ತೇವದಲ್ಲಿ ಬೆಳೆಯಬೇಕಾದ ಮರಿಯನ್ನು ಒಣ ಪೆಟ್ಟಿಗೆಯಲ್ಲಿ ಬೆಳೆಸಿದರೆ ಚಿಪ್ಪಿನ ಒಂದೊಂದು ಮನೆಯೂ ಗೋಪುರದಂತೆ ಉಬ್ಬಿ ವಿಕಾರವಾಗುತ್ತದೆ, ಒಮ್ಮೆ ಉಬ್ಬಿದ್ದು ಇಳಿಯುವುದಿಲ್ಲ. ಹೊರದೇಶಗಳಲ್ಲಿ ಕಾನೂನಿನಂತೆ ನೆಲದಾಮೆ ಸಾಕುವವರು ಇದೇ ಕಾರಣಕ್ಕೆ ಪೆಟ್ಟಿಗೆಗೆ ತೆಂಗಿನ ನಾರಿನ ಪುಡಿ ಹಾಸಿ, ಅದನ್ನು ದಿನವೂ ತೇವ ಮಾಡಿ, ಮರಿಯನ್ನು ಗಲ್ಲದ ಮಟ್ಟದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸುತ್ತಾರೆ. ಅಷ್ಟೆಲ್ಲ ಮಾಡಿ ಅವರು ಕಟ್ಟಲು ನೋಡುವುದು ನಮ್ಮ ಹೊಲದ ಬದುವನ್ನೇ. ನಂಟರಿಗೆ ಸಿಕ್ಕ ಮರಿ ಆ ಬದುವಿನಲ್ಲೇ ಇತ್ತು.

ಆ ಬದುಗಳಿಂದ ಆಮೆಗಳು ಹೋಗುತ್ತಿರುವ ಲೆಕ್ಕ ಹೆದರಿಕೆ ಹುಟ್ಟಿಸುತ್ತದೆ. ದಕ್ಷಿಣ ಭಾರತದ ಒಂದೇ ಸಾಗಾಟದ ಕೇಂದ್ರದಿಂದ ವರ್ಷಕ್ಕೆ 55,000ಕ್ಕೂ ಹೆಚ್ಚು ನಕ್ಷತ್ರ ಆಮೆಗಳು ಕಳ್ಳದಾರಿ ಹಿಡಿಯುತ್ತಿವೆಯೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. 2019ರಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಇವುಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದವು. ಅದಕ್ಕೂ ಒಂದು ವರ್ಷ ಮೊದಲು, 2018ರ ನವೆಂಬರಿನಲ್ಲಿ, ಸಿಂಗಪುರದಲ್ಲಿ ಸಿಕ್ಕಿದ್ದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ಬಂದಿದ್ದವು. ನಂಟರು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿದರು, ಮರಿ ಇದ್ದಲ್ಲೇ ಉಳಿಯಿತು.

ಮತ್ತೆ ನಮ್ಮ ಕೆಂಪುಪಟ್ಟೆಯ ಮರಿಯ ಕಡೆಗೆ. ದೊಡ್ಡದಾದ ಮೇಲೆ ಹೊಳೆಗೆ ಬಿಟ್ಟರಾಯಿತು ಎಂದು ತಮ್ಮ ಅಂದುಕೊಂಡಿದ್ದ. ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಗೆ ಹೋದಾಗ, ನೀರು ಇಳಿದ ದಿನಗಳಲ್ಲಿ ಬಂಡೆಯ ಮೇಲೆ ನಮ್ಮ ಆಮೆಗಳು ಮೈ ಕಾಯಿಸುತ್ತಾ ಕೂತದ್ದನ್ನು ಅವನಿಗೆ ತೋರಿಸಿದೆ. ಈ ಕಾವೇರಿ ಕೊಳ್ಳದಲ್ಲಿ ಮೆತ್ತನೆ ಚಿಪ್ಪಿನ ಲೀತ್ ಆಮೆಯಂಥ ಅಳಿವಿನಂಚಿಗೆ ಬಂದ ಜೀವಗಳಿವೆ. ಪರದೇಶದ ಆಮೆ ಹೊಳೆಗಿಳಿದರೆ ತಿನಿಸಿಗೆ ಪೈಪೋಟಿ ಮಾಡುತ್ತದೆ, ಕಾಯಿಲೆ ಹರಡಬಹುದು. ಯುರೋಪಿನಲ್ಲಿ ಕಂಡಂತೆ, ಬಿಸಿಲು ಕಾಯುವ ಜಾಗದಿಂದ ಅಲ್ಲಿಯ ಆಮೆಗಳನ್ನು ಎಬ್ಬಿಸಿ ತಾನು ಕೂರುತ್ತದೆ. ಅಲ್ಲಿ 1997ರಲ್ಲೇ ಇದರ ಆಮದನ್ನು ನಿಲ್ಲಿಸಿದರು. ಜಗತ್ತಿನ ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳೆಂದು ಪಟ್ಟಿ ಮಾಡಿರುವ ನೂರರಲ್ಲಿ ಇದೂ ಒಂದು. ಕೇರಳದಲ್ಲಿ ಅರಣ್ಯ ಸಂಶೋಧನಾ ಸಂಸ್ಥೆಯೇ ಮುಂದೆ ನಿಂತು, ಸಾಕಲಾಗದವರು ಹೊರಗೆ ಬಿಡಬೇಡಿ, ನಮಗೆ ತಂದುಕೊಡಿ ಎಂದು ಕೇಳಿಕೊಂಡಿತು. ಮರಿಯದೇನೂ ತಪ್ಪಿಲ್ಲ. ತಂದವರು ಕೊನೆಯವರೆಗೂ ನೋಡಿಕೊಳ್ಳಬೇಕು.

ಹಾಗಾಗಿ ಚನ್ನರಾಯಪಟ್ಟಣದ ಹತ್ತಿರ, ತಮ್ಮನ ಹೆಂಡತಿಯ ತವರಿನ ತೆಂಗಿನ ತೋಟದಲ್ಲಿ ಒಂದು ತೊಟ್ಟಿ ಕಟ್ಟಿಸಲು ಗೊತ್ತುಮಾಡಿದ್ದೇವೆ. ಆ ಮನೆಯ ಹಿರಿಯರಿಗೆ ಆಮೆಯೆಂದರೆ ಭಕ್ತಿ. ಶ್ರವಣಬೆಳಗೊಳ ಅವರಿಗೆ ಪಕ್ಕದೂರು. ಇಪ್ಪತ್ತನೆಯ ತೀರ್ಥಂಕರ ಮುನಿಸುವ್ರತರ ಲಾಂಛನ ಆಮೆಯೇ ಎಂದು ನೆನಪಿಸಿದವರೂ ಅವರೇ. ಮರಿ ಅಂಗೈ ತುಂಬುವಷ್ಟಾಗುವ ತನಕ ಒಳಗಿನ ಗಾಜಿನ ತೊಟ್ಟಿ, ಆಮೇಲೆ ಅಲ್ಲಿಗೆ. ತೊಟ್ಟಿ 500 ಲೀಟರಿಗೆ ಕಡಿಮೆಯಾಗಬಾರದು, ಅರ್ಧಕ್ಕೆ ತೆಂಗಿನ ನೆರಳು ಬೀಳಬೇಕು, ಇನ್ನರ್ಧಕ್ಕೆ ಬೆಳಗಿನ ಬಿಸಿಲು. ನಡುವೆ ಹತ್ತಲು ಇಳಿಜಾರಿನ ಬಂಡೆ. ಗಾರೆಯವರಿಗೆ ಎರಡು ಮಾತು ಒತ್ತಿ ಹೇಳಿದ್ದೇನೆ. ತೊಟ್ಟಿಯ ಅಂಚು ಒಳಮುಖವಾಗಿ ಚಾಚಿರಬೇಕು, ಇಲ್ಲದಿದ್ದರೆ ಆಮೆ ಹತ್ತಿ ಹೊರಟುಹೋಗುತ್ತದೆ. ತೂಬಿಗೆ ಗಟ್ಟಿ ಜಾಲರಿ ಬೇಕು, ಆ ನೀರು ಹೋಗಿ ಸೇರುವುದು ಊರ ಕೆರೆಗೆ.